ಊರಿನ ಯುವಜನರಿಂದ ವಿಜ್ಞಾನದ ಕಿರುಚಿತ್ರಗಳು: ಕಾಫಿಯ ಕಾಂಡಕೊರಕದ ನಿವಾರಣೆಗೆ ಅವುಗಳ ಉಪಯೋಗ

ಬೇಸಾಯದಲ್ಲಿ ಕೆಲವು ಸಂಗತಿಗಳನ್ನು ಬರಹದಿಂದ ತಿಳಿಸಬಹುದು; ಮತ್ತೆ ಕೆಲವನ್ನು ಕಣ್ಣಿಗೆ ತೋರಿಸಿದಲ್ಲದೆ ತಿಳಿಸಲಾಗದು. ಗೊಬ್ಬರದ ಪ್ರಮಾಣ, ಔಷಧ ಸಿಂಪಡಿಸುವ ತಿಂಗಳು ಮುಂತಾದವು ಮೊದಲನೆಯ ವರ್ಗಕ್ಕೆ ಸೇರಿದವು. ಹುಳು ಹೊಕ್ಕ ಕಾಫಿ ಗಿಡದ ಕಾಂಡದ ಮೇಲೆ ಮೂಡುವ ಸಣ್ಣ ಏಣು ಎರಡನೆಯ ವರ್ಗಕ್ಕೆ ಸೇರಿದುದು. ಅದನ್ನು ಒಮ್ಮೆ ಕಂಡವನು ಮರೆಯಲಾರನು. ಕಾಣದವನಿಗೆ ಎಷ್ಟು ಪುಟ ಬರೆದರೂ ತಿಳಿಯದು.

ಮೂಡಿಗೆರೆ ತಾಲ್ಲೂಕಿನ ದೇವರಮನೆ ಗುಡ್ಡಕ್ಕೆ ಬರುವ ಯಾತ್ರಿಕರು ಕಾಲಭೈರವೇಶ್ವರನ ಗುಡಿಯನ್ನೂ ಅಲ್ಲಿ ಕವಿಯುವ ಮಂಜನ್ನೂ ಮೊಬೈಲ್ ಫೋನಿನಲ್ಲಿ ಚಿತ್ರಿಸಿಕೊಂಡು ಹೋಗುತ್ತಾರೆ. ಅದೇ ಉಪಕರಣವು ತಪ್ಪಲಿನ ಊರುಗಳ ತರುಣ ತರುಣಿಯರ ಕೈಯಲ್ಲಿಯೂ ಉಂಟು. ಅದನ್ನು ಗುಡ್ಡದಿಂದ ತೋಟದ ಕಡೆಗೆ ತಿರುಗಿಸಿ, ಕಣ್ಣಾರೆ ಕಾಣಬೇಕಾದ ಕೃಷಿವಿಜ್ಞಾನವನ್ನು ಊರಿನವರಿಗೆ ತೋರಿಸಲು ಉಪಯೋಗಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗುವುದು.

೧. ಹಿಂದಿನ ಅನುಭವ

ಚಿತ್ರದ ಮೂಲಕ ರೈತರಿಗೆ ತಿಳಿವಳಿಕೆ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ೧೯೭೫ನೆಯ ಇಸವಿ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು ೨,೪೦೦ ಗ್ರಾಮಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ತಲಪಿಸಲಾಯಿತು. ಅವುಗಳಲ್ಲಿ ವ್ಯವಸಾಯದ ಪಾಠಗಳೂ ಇದ್ದವು. ಆದರೆ ಒಂದೇ ಚಿತ್ರವು ನೂರಾರು ಊರುಗಳಿಗೆ ಸಲ್ಲಬೇಕಾದಾಗ, ಪ್ರತಿಯೊಂದು ಊರಿನ ಮಣ್ಣು, ಮಳೆ, ಬೆಳೆ, ನುಡಿಗಳಿಗೆ ಅದು ಹೊಂದುವುದು ಕಷ್ಟ.

ಈ ಕೊರತೆಯನ್ನು ನೀಗುವ ಮಾರ್ಗವೊಂದನ್ನು ಕರ್ನಾಟಕದಲ್ಲಿಯೇ ಪರೀಕ್ಷಿಸಲಾಯಿತು. ೨೦೦೬ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಡಿಜಿಟಲ್ ಗ್ರೀನ್ ಎಂಬ ಯೋಜನೆಯು ಹುಟ್ಟಿತು. ರಿಕಿನ್ ಗಾಂಧಿ ಮತ್ತು ಅವರ ಸಂಗಡಿಗರು, ಗ್ರೀನ್ ಫೌಂಡೇಷನ್ ಸಂಸ್ಥೆಯ ಸಹಕಾರದಿಂದ, ರೈತರೇ ತಮ್ಮ ಹೊಲದಲ್ಲಿ ಮಾಡಿ ತೋರಿಸಿದ ಕೆಲಸಗಳನ್ನು ಚಿತ್ರಿಸಿ ಊರೂರಲ್ಲಿ ಪ್ರದರ್ಶಿಸಿದರು. ಚಿತ್ರವನ್ನು ಸುಮ್ಮನೆ ಓಡಿಸಿ ಮುಗಿಸುತ್ತಿರಲಿಲ್ಲ. ಸ್ಥಳೀಯನೊಬ್ಬನು ನಡುನಡುವೆ ಅದನ್ನು ನಿಲ್ಲಿಸಿ, ಪ್ರಶ್ನೆ ಕೇಳಿ, ಉತ್ತರ ಪಡೆದು ಮುಂದುವರಿಸುತ್ತಿದ್ದನು. ಒಬ್ಬ ರೈತನು ಹೊಸ ಪದ್ಧತಿಯನ್ನು ಅನುಸರಿಸುವಂತೆ ಮಾಡಲು ತಗಲುವ ವೆಚ್ಚವನ್ನು ಲೆಕ್ಕಹಾಕಿದಾಗ, ವಾಡಿಕೆಯ ಕ್ರಮಕ್ಕಿಂತ ಇದು ಹತ್ತು ಪಟ್ಟು ಫಲಕಾರಿಯೆಂದು ಅವರು ವರದಿಮಾಡಿದರು. ತನ್ನಂಥವನೇ ಮತ್ತೊಬ್ಬ ರೈತನು ಮಾಡಿದ್ದನ್ನು ಕಂಡಾಗ ನೋಡುವವನಲ್ಲಿ ವಿಶ್ವಾಸ ಹುಟ್ಟುವುದೆಂಬುದೇ ಇದರ ತಿರುಳು.

೨. ಯಾವ ವಿಷಯವನ್ನು ಆರಿಸಬೇಕು?

ಕಾಫಿ ಸೀಮೆಗೆ ಮೊದಲ ಚಿತ್ರದ ವಿಷಯವಾಗಿ ಬಿಳಿ ಕಾಂಡಕೊರಕವೇ ಯೋಗ್ಯವಾದುದು. ತೋಟದವರು ಇದನ್ನು ಬೋರರ್ ಎಂದು ಕರೆಯುವರು. ಇದು ರೋಬಸ್ಟಾ ಗಿಡವನ್ನು ಬಿಟ್ಟು ಅರೇಬಿಕಾ ಗಿಡವನ್ನು ಹಿಡಿಯುವ ಕೀಟ. ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ದುಂಬಿಯು ಏಪ್ರಿಲ್–ಮೇ ತಿಂಗಳುಗಳಲ್ಲಿಯೂ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನ ವರೆಗೂ ಹೆಚ್ಚಾಗಿ ಹಾರಾಡುತ್ತದೆ. ನೆರಳಿಲ್ಲದೆ ಬಿಸಿಲು ಬೀಳುವ ಜಾಗವೆಂದರೆ ಅದಕ್ಕೆ ಬಲು ಪ್ರಿಯ. ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದು. ಸುಮಾರು ಹತ್ತು ದಿನಗಳಲ್ಲಿ ಹೊರಬಂದ ಮರಿಹುಳು ಕಾಂಡವನ್ನು ಹೊಕ್ಕು ತಿಂಗಳುಗಟ್ಟಲೆ ಒಳಗೇ ಕೊರೆಯುತ್ತಿರುವುದು.

ಇಲ್ಲಿಯೇ ಅಪಾಯವಿರುವುದು. ಹುಳುವು ತಾನು ಕೊರೆದ ಪುಡಿಯನ್ನು ಹೊರಕ್ಕೆ ದೂಡದೆ ಸುರಂಗದಲ್ಲಿಯೇ ಗಟ್ಟಿಯಾಗಿ ತುಂಬುತ್ತ ಹೋಗುವುದರಿಂದ ಹೊರಗೆ ಪುಡಿಯ ಸುಳಿವು ಸಿಕ್ಕದು. ಕಾಂಡದ ಮೇಲೆ ಮೂಡುವ ಏಣು, ಎಲೆ ಹಳದಿಯಾಗುವುದು, ಗಿಡ ಬಾಡುವುದು ಇವೇ ಗುರುತುಗಳು. ದುಂಡನೆಯ ರಂಧ್ರ ಕಂಡಿತೆಂದರೆ ದುಂಬಿಯು ಹೊರಟುಹೋಯಿತೆಂದೇ ಅರ್ಥ. ಎಳೆಯ ಗಿಡವು ಒಂದು ವರ್ಷದಲ್ಲಿ ಸಾಯಬಹುದು; ಬಲಿತ ಗಿಡವು ಕೆಲವು ಕಾಲ ಬದುಕಿದರೂ ಫಸಲು ಕುಗ್ಗುವುದು.

ಹಾರಾಟದ ಕಾಲಕ್ಕೆ ಮುಂಚೆ, ಎಂದರೆ ಮಾರ್ಚಿಯಲ್ಲಿಯೂ ಸೆಪ್ಟೆಂಬರಿನಲ್ಲಿಯೂ, ತೋಟವನ್ನು ಗಿಡಗಿಡವಾಗಿ ಪರೀಕ್ಷಿಸಿ, ಹುಳು ಹಿಡಿದವನ್ನು ಬುಡಸಹಿತ ಕಿತ್ತು ಸುಡುವುದೇ ಮುಖ್ಯವಾದ ಚಿಕಿತ್ಸೆ. ಒಬ್ಬನು ಸುಟ್ಟು ನೆರೆಯವನು ಬಿಟ್ಟರೆ, ಬಿಟ್ಟವನ ತೋಟದಿಂದ ದುಂಬಿಯು ಬೇಲಿ ದಾಟಿ ಬರುವುದು. ಆದಕಾರಣ ಇದು ಒಬ್ಬರ ತೋಟದ ಮಾತಲ್ಲ. ಇಡೀ ಊರಿನ ಮಾತು.

೩. ಚಿತ್ರವನ್ನು ತಯಾರಿಸುವ ಕ್ರಮ

ಒಂದು ಚಿತ್ರಕ್ಕೆ ಒಂದೇ ವಿಷಯ. ಕಾಲಾವಧಿ ಐದರಿಂದ ಎಂಟು ನಿಮಿಷ. ಅದರಲ್ಲಿ ಈ ಕೆಳಗಣ ದೃಶ್ಯಗಳಿರತಕ್ಕದ್ದು:

(ಅ) ಆರೋಗ್ಯವಾದ ಕಾಂಡವನ್ನೂ ಏಣು ಮೂಡಿದ ಕಾಂಡವನ್ನೂ ಪಕ್ಕಪಕ್ಕದಲ್ಲಿ, ಬೆಳಗಿನ ಓರೆ ಬಿಸಿಲಿನಲ್ಲಿ, ಹತ್ತಿರದಿಂದ ತೋರಿಸುವುದು. ನೆತ್ತಿಯ ಬಿಸಿಲಿನಲ್ಲಿ ಏಣಿನ ನೆರಳು ಬೀಳದೆ ಗುರುತು ಮಸಕಾಗುವುದು.

(ಆ) ಕಿತ್ತ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿ ಸುರಂಗವನ್ನೂ ಮರಿಹುಳುವನ್ನೂ ತೋರಿಸುವುದು.

(ಇ) ಹುಳುವಿರುವ ಒಂದು ತುಂಡನ್ನು ಸಣ್ಣ ಕಣ್ಣಿನ ತಂತಿಬಲೆಯಿಂದ ಭದ್ರವಾಗಿ ಮುಚ್ಚಿದ ಡಬ್ಬದಲ್ಲಿಟ್ಟು, ತಾರೀಖು ಬರೆದು, ದಿನವೂ ನೋಡುತ್ತಿದ್ದು, ದುಂಬಿಯು ಹೊರಬಂದಾಗ ಚಿತ್ರಿಸುವುದು. ಆಮೇಲೆ ದುಂಬಿಯನ್ನು ಕೊಲ್ಲುವುದು. ಕಿತ್ತ ಗಿಡವನ್ನು ಸೌದೆಯೆಂದು ಕೊಟ್ಟಿಗೆಯಲ್ಲಿ ಒಟ್ಟಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

(ಈ) ಮುಖ್ಯ ಕಾಂಡ ಮತ್ತು ದಪ್ಪ ರೆಂಬೆಗಳ ಸಡಿಲ ತೊಗಟೆಯನ್ನು ಹಸಿರು ತೊಗಟೆಗೆ ಗಾಯವಾಗದಂತೆ ಉಜ್ಜಿ ತೆಗೆಯುವುದು, ೨೦೦ ಲೀಟರ್ ನೀರಿಗೆ ೨೦ ಕಿಲೋ ಸುಣ್ಣ ಬೆರೆಸಿ ಕಾಂಡಕ್ಕೆ ಸಿಂಪಡಿಸುವುದು, ಎಕರೆಗೆ ೧೦ರಂತೆ ಮೋಹಕ ಬಲೆಗಳನ್ನು ಕಟ್ಟುವುದು, ನೆರಳನ್ನು ಕಾಪಾಡಿಕೊಳ್ಳುವುದು.

ಚಿತ್ರವು ವಿಜ್ಞಾನವಾಗಬೇಕಾದರೆ ಎಣಿಕೆಯೂ ಇರಬೇಕು. ಪರೀಕ್ಷಿಸಿದ ಗಿಡಗಳೆಷ್ಟು, ಹುಳು ಸಿಕ್ಕಿದವೆಷ್ಟು, ಅವುಗಳಲ್ಲಿ ನೆರಳಿನಲ್ಲಿದ್ದವೆಷ್ಟು, ಬಿಸಿಲಿನಲ್ಲಿದ್ದವೆಷ್ಟು ಎಂಬುದನ್ನು ಬರೆದಿಟ್ಟು ಕಡೆಯಲ್ಲಿ ತೋರಿಸತಕ್ಕದ್ದು. ನಿರೀಕ್ಷಿಸಿದ ಫಲ ಬಾರದಿದ್ದರೆ ಅದನ್ನೂ ಮುಚ್ಚಿಡಬಾರದು. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಶ್ರೀ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಹಕ್ಕಿ, ಹುಳು, ಕಾಡುಗಳನ್ನು ತಾವೇ ಗಮನಿಸಿ, ಛಾಯಾಚಿತ್ರ ತೆಗೆದು, ತಿಳಿಗನ್ನಡದಲ್ಲಿ ಬರೆದರು. ನಮ್ಮ ಯುವಜನರಿಗೆ ಮೇಲ್ಪಂಕ್ತಿಯು ದೂರದಲ್ಲಿಲ್ಲ.

ಮುಗಿದ ಚಿತ್ರವನ್ನು ಹೊರಗೆ ಹಂಚುವ ಮುನ್ನ ಕಾಫಿ ಮಂಡಳಿಯ ಸ್ಥಳೀಯ ಅಧಿಕಾರಿಗಳಿಗೆ ತೋರಿಸಿ ತಿದ್ದಿಸಿಕೊಳ್ಳುವುದು ಕ್ಷೇಮ. ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಆರಂಭವಾದ ಪ್ರಯೋಗ ಕೇಂದ್ರವು ಈಗ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಾಗಿ ಜಿಲ್ಲೆಯೊಳಗೇ ಇದೆ. ತಪ್ಪು ಪ್ರಮಾಣವನ್ನು ಹೇಳುವ ಚಿತ್ರವು ತಪ್ಪು ಮಾತಿಗಿಂತ ಬೇಗ ಹರಡುವುದು.

೪. ಪ್ರದರ್ಶನ

ಬೋರರ್ ಗಿಡವನ್ನು ಗುರುತಿಸುವವರು ಬಹುಮಟ್ಟಿಗೆ ಕೂಲಿಯಾಳುಗಳು. ಆದುದರಿಂದ ಚಿತ್ರವು ಯಜಮಾನರ ಫೋನುಗಳಲ್ಲಿಯೇ ಉಳಿದರೆ ಪ್ರಯೋಜನವಿಲ್ಲ. ಪಂಚಾಯಿತಿಯ ಕಟ್ಟಡದಲ್ಲಿಯೋ ಶಾಲೆಯಲ್ಲಿಯೋ ತೋಟದ ಲೈನಿನ ಅಂಗಳದಲ್ಲಿಯೋ ಎಲ್ಲರಿಗೂ ತೋರಿಸಬೇಕು. ಆ ಹೊತ್ತನ್ನು ಕೆಲಸದ ಹೊತ್ತೆಂದೇ ಎಣಿಸಿ ಕೂಲಿ ಕೊಡುವುದು ನ್ಯಾಯ. ಹೊರನಾಡಿನ ಆಳುಗಳಿದ್ದಲ್ಲಿ ಅವರ ಭಾಷೆ ಬಲ್ಲವರಿಂದ ವಿವರಣೆ ಕೊಡಿಸಬೇಕು. ಏಣಿನ ದೃಶ್ಯ ಬಂದಾಗ ಚಿತ್ರವನ್ನು ನಿಲ್ಲಿಸಿ, “ಇವುಗಳಲ್ಲಿ ಹುಳು ಹಿಡಿದ ಕಾಂಡ ಯಾವುದು?” ಎಂದು ಕೇಳುವುದು ಮುಖ್ಯ. ಮಾರನೆಯ ದಿನ ಅದೇ ಜನರೊಡನೆ ತೋಟಕ್ಕೆ ಹೋಗಿ ಗುರುತಿಸುವ ಅಭ್ಯಾಸ ಮಾಡಿಸಿದರೆ ಪಾಠವು ಪೂರ್ಣವಾಗುವುದು.

೫. ಮುಖಂಡರೂ ಯಜಮಾನರೂ ಮಾಡಬೇಕಾದುದು

ಈ ಕೆಲಸಕ್ಕೆ ಹಣದ ಕೊರತೆಗಿಂತ ಸಂಕೋಚವೇ ದೊಡ್ಡ ಅಡ್ಡಿ. ತನ್ನ ತೋಟದಲ್ಲಿ ಬೋರರ್ ಇದೆಯೆಂದು ನಾಲ್ವರು ನೋಡುವುದನ್ನು ಯಾವ ಯಜಮಾನನೂ ಬಯಸನು. ಹೀಗಾಗಿ ಹುಡುಗರು ಚಿತ್ರಿಸಲು ಬಂದಾಗ ಎಲ್ಲರೂ ನೆರೆಯವನ ತೋಟವನ್ನು ತೋರಿಸುವರು. ಹುಳುವು ಬಡವ ಬಲ್ಲಿದರೆಂದು ನೋಡಿ ಬರುವುದಿಲ್ಲ. ಮುಚ್ಚಿಡುವುದರಿಂದ ಹೋಗುವುದೂ ಇಲ್ಲ. ಊರಿನ ಮೊದಲನೆಯ ಚಿತ್ರದಲ್ಲಿ ಕಿತ್ತು ಸೀಳುವ ಮೊದಲನೆಯ ಗಿಡವು ಮುಖಂಡರ ತೋಟದ್ದೇ ಆಗಿರತಕ್ಕದ್ದು. ಹಾಗಾದರೆ ಉಳಿದವರ ಸಂಕೋಚವು ತಾನಾಗಿಯೇ ಕಳೆಯುವುದು.

ಉಳಿದಂತೆ, ತೋಟದೊಳಕ್ಕೆ ಹೋಗಲು ಅನುಮತಿ, ವಿಷಯ ಬಲ್ಲ ಹಿರಿಯ ಮೇಸ್ತ್ರಿಯೊಬ್ಬನ ಜೊತೆ, ಪ್ರದರ್ಶನಕ್ಕೆ ಪ್ರೊಜೆಕ್ಟರ್, ಇಷ್ಟನ್ನು ಒದಗಿಸಿದರೆ ಸಾಕು. ಹೆಣ್ಣುಮಕ್ಕಳಿಗೂ ಲೈನಿನ ಮಕ್ಕಳಿಗೂ ಇದರಲ್ಲಿ ಪಾಲಿರಬೇಕು. ಔಷಧ ಸಿಂಪಡಿಸುವ ಕಡೆಗೆ ಮಕ್ಕಳನ್ನು ಬಿಡಕೂಡದು. ಯಾರ ಮುಖವನ್ನೂ ಅವರ ಒಪ್ಪಿಗೆಯಿಲ್ಲದೆ ಚಿತ್ರಿಸಕೂಡದು.

ಒಂದು ಊರು ಒಂದು ಹಾರಾಟದ ಕಾಲಕ್ಕೆ ಮುಂಚೆ ಇಂಥ ಒಂದು ಚಿತ್ರವನ್ನು ತಯಾರಿಸಿ ತೋರಿಸಿದರೆ, ಮುಂದಿನ ಕಾಲಕ್ಕೆ ಕಾಯಿಕೊರಕ, ಮಳೆಯ ಅಳತೆ, ಮಣ್ಣಿನ ಸವಕಳಿ ಮುಂತಾದ ವಿಷಯಗಳನ್ನು ಯುವಜನರು ತಾವಾಗಿಯೇ ಕೈಗೊಳ್ಳುವರು. ಮುಖಂಡರು ಮನಸ್ಸುಮಾಡಿ ತಮ್ಮ ತೋಟದ ಬಾಗಿಲನ್ನು ಮೊದಲು ತೆರೆಯುವರೆಂದು ಆಶಿಸಲಾಗಿದೆ.