ಒಳನಾಡು ಬಂದರು ಮತ್ತು ಕಾಲುವೆಗಳು: ಲೇಪಾಕ್ಷಿ, ಹಿಂದೂಪುರ ಭಾಗದ ಅಭ್ಯರ್ಥಿಗಳಿಗೆ

1. ಒಳನಾಡು ಬಂದರು: ನದಿ ಅಥವಾ ಕಾಲುವೆಯ ಮೂಲಕ ಸಮುದ್ರಕ್ಕೆ ಸಂಪರ್ಕವಿರುವ ಬಂದರು. ಉದಾ: ವಾರಾಣಸಿ ಟರ್ಮಿನಲ್ (ಉದ್ಘಾಟನೆ 12 ನವೆಂಬರ್ 2018), ಜರ್ಮನಿಯ ಡುಯಿಸ್‌ಬರ್ಗ್. ಬ್ರಿಟನ್ನಿನ ಮ್ಯಾಂಚೆಸ್ಟರ್ ಹಡಗು ಕಾಲುವೆ: 1894, ಸುಮಾರು 58 ಕಿ.ಮೀ.

2. ಒಣ ಬಂದರು: ನೀರಿಲ್ಲ; ಕಂಟೇನರ್ ರೈಲು, ಲಾರಿಯಲ್ಲಿ ಹೋಗುತ್ತದೆ. ಹಿಂದೂಪುರಕ್ಕೆ ಹತ್ತಿರದ ಉದಾಹರಣೆ ಬೆಂಗಳೂರಿನ ವೈಟ್‌ಫೀಲ್ಡ್. ಹೆಚ್ಚು ಅಭ್ಯರ್ಥಿಗಳು ಎಡವುವುದು ಇಲ್ಲೇ.

3. ಬಕಿಂಗ್‌ಹ್ಯಾಮ್ ಕಾಲುವೆ (ಅತಿ ಮುಖ್ಯ)
- ಆರಂಭ 1806, ಮೊದಲ ಹೆಸರು ಕೊಕ್ರೇನ್ ಕಾಲುವೆ. 1878ರಲ್ಲಿ ಮದ್ರಾಸ್ ಗವರ್ನರ್ ಹೆಸರು.
- ಕೋರಮಂಡಲ ಕರಾವಳಿಗೆ ಸಮಾನಾಂತರ, ಉಪ್ಪುನೀರಿನ ಕಾಲುವೆ.
- ಈಗ ರಾಷ್ಟ್ರೀಯ ಜಲಮಾರ್ಗ-4ರ ಭಾಗ (ಘೋಷಣೆ 2008).

4. ಉತ್ತರ ಪಿನಾಕಿನಿ (ಪೆನ್ನಾರ್): ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಹಿಂದೂಪುರ ಸೀಮೆಯಲ್ಲಿ ಆಂಧ್ರ ಪ್ರವೇಶಿಸಿ, ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹೋಗುತ್ತದೆ.

5. ಹಂದ್ರಿ-ನೀವಾ: ಶ್ರೀಶೈಲದ ಕೃಷ್ಣಾ ನೀರನ್ನು ರಾಯಲಸೀಮೆಗೆ ತರುವ ಏತ ನೀರಾವರಿ ಯೋಜನೆ. ಜಲಮಾರ್ಗ ಅಲ್ಲ. "ಕಾಲುವೆ" ಕಂಡ ಕೂಡಲೇ ಸಾರಿಗೆ ಎಂದು ಗುರುತು ಹಾಕಬೇಡಿ.

6. ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರ: 1986, ನೋಯ್ಡಾ. 2016ರ ಕಾಯ್ದೆ: ಒಟ್ಟು 111 ರಾಷ್ಟ್ರೀಯ ಜಲಮಾರ್ಗಗಳು.

7. ಲೇಪಾಕ್ಷಿಯ ಜಿಲ್ಲೆ: ಶ್ರೀ ಸತ್ಯಸಾಯಿ (4 ಏಪ್ರಿಲ್ 2022ರಿಂದ). ಹಳೆಯ ಪುಸ್ತಕಗಳಲ್ಲಿ ಅನಂತಪುರ ಎಂದಿದ್ದರೆ ತಿದ್ದಿಕೊಳ್ಳಿ.