ಮರಿ ಬೆಕ್ಕಿಗೆ ಕಾಯಿಲೆ, ಕೈಯಲ್ಲಿ ಕಾಸಿಲ್ಲ

ರಾಮನಗರ, ಚನ್ನಪಟ್ಟಣದ ಕಡೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಕ್ಕಿಗೆ ಕೆಲಸವಿದೆ: ಗೂಡು ಕಡಿಯುವ ಇಲಿಯನ್ನು ಓಡಿಸುವುದು. ಅದರ ಮರಿಗಳು ವಾಂತಿ, ಭೇದಿಯಿಂದ ಬಿದ್ದುಕೊಂಡರೆ ಮಾತ್ರ ಮನೆಮಂದಿಗೆ ದಿಕ್ಕೇ ತೋಚುವುದಿಲ್ಲ.

ಮೊದಲು ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಜನರ ಬಾಯಲ್ಲಿ ಅದು ದನದ ಆಸ್ಪತ್ರೆ, ಆದರೆ ಬೆಕ್ಕನ್ನು ತರಬಾರದೆಂದೇನೂ ಇಲ್ಲ. ಪಶು ಸಹಾಯವಾಣಿ 1962ಕ್ಕೂ ಫೋನ್ ಮಾಡಿ ಕೇಳಿ. ಮಾಗಡಿ, ಕನಕಪುರದವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ ನೆನಪಿನಲ್ಲಿಟ್ಟುಕೊಳ್ಳಿ; ಹೊರಡುವ ಮುಂಚೆ ಸಮಯ ವಿಚಾರಿಸಿ.

ದಾರಿಯಲ್ಲಿ ಮರಿಯನ್ನು ಬೆಚ್ಚಗಿಡಿ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟರೆ ಸಾಕು. ಮೈ ತಣ್ಣಗಿರುವ ಮರಿಯ ಬಾಯಿಗೆ ಹಾಲು ಹೊಯ್ಯಬೇಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷವೇ, ಚೂರೂ ಬೇಡ.

ಖಾಸಗಿ ಕ್ಲಿನಿಕ್ಕಿಗೆ ಹೋದರೆ ಸಂಕೋಚ ಬಿಟ್ಟು, "ಡಾಕ್ಟ್ರೇ, ನನ್ನ ಹತ್ರ ಇರೋದು ಇಷ್ಟೇ. ಇವತ್ತು ಮಾಡಲೇಬೇಕಾದ್ದು ಯಾವುದು?" ಎಂದು ಕೇಳಿ. ಡ್ರಿಪ್ ಈಗಲೇ ಬೇಕಾಗಬಹುದು, ಕೆಲವು ಪರೀಕ್ಷೆ ನಾಳೆಗೆ ನಿಂತೀತು. ಅಂದಾಜು ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಆ ಚೀಟಿಯೇ ನೆರವು ಕೇಳಲು ಆಧಾರ. ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಳುವ ಎಮೋಜಿಗಳ ಸಾಲು ಹಾಕುವ ಬದಲು ಚೀಟಿಯ ಫೋಟೊ, ಕ್ಲಿನಿಕ್ಕಿನ ಹೆಸರು, ಇನ್ನೆಷ್ಟು ಕಡಿಮೆ ಎಂಬುದನ್ನು ಹಾಕಿ. ಹಣವನ್ನು ನೇರ ಕ್ಲಿನಿಕ್ಕಿನ ಖಾತೆಗೇ ಕಳಿಸಲು ಹೇಳಿ, ಕೊಡುವವರಿಗೂ ಧೈರ್ಯ. ಮರಿ ಉಳಿಯದಿದ್ದರೂ ಲೆಕ್ಕ ಒಪ್ಪಿಸಿ, ಮಿಕ್ಕಿದ್ದನ್ನು ಹಿಂದಿರುಗಿಸಿ.

ಉಳಿದ ಮರಿಗಳಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಲಸಿಕೆ ಹಾಕಿಸಿ. ಮರಿಗಳಿಗೆ ವಾಂತಿ, ಭೇದಿ ತರುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ಕಾಯಿಲೆ ಬಂದ ಮೇಲಿನ ಚಿಕಿತ್ಸೆಗೆ ಹೋಲಿಸಿದರೆ ಲಸಿಕೆಯ ಖರ್ಚು ಏನೇನೂ ಅಲ್ಲ.