ಕಾಲು ಎತ್ತುವ ಜಾಗ

ಹಳದಿ ಬೋರ್ಡಿನ ಕಾರು ಓಡಿಸಲು ಶುರುಮಾಡಿ ನನಗೆ ಇಪ್ಪತ್ತೆರಡು ವರ್ಷವಾಯಿತು. ಅದರಲ್ಲಿ ಅರ್ಧದಷ್ಟು ಬೆಂಗಳೂರು–ಮೈಸೂರು ರಸ್ತೆಯ ಮೇಲೆಯೇ ಕಳೆದಿದೆ. ಆ ಕಾಲದಲ್ಲಿ ವೇಗದ ಮಿತಿಯನ್ನು ಯಾವ ಇಲಾಖೆಯೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ಅಡ್ಡಾದಿಡ್ಡಿ ನಿಂತ ಗಾಡಿಗಳು, ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಂದಿನ ಜನ, ಮದ್ದೂರಿನ ಬಸ್ಸುಗಳು, ಮಂಡ್ಯದ ಕಬ್ಬಿನ ಗಾಡಿಗಳು, ಇವೇ ಹೇಳುತ್ತಿದ್ದವು. ನಲವತ್ತು ದಾಟಿದರೆ ಅದೃಷ್ಟ.

2023ರ ಮಾರ್ಚ್ 12ರಂದು ಹೊಸ ರಸ್ತೆಯ ಉದ್ಘಾಟನೆಯಾಯಿತು. ಊರುಗಳೆಲ್ಲ ಬೈಪಾಸಿನ ಆಚೆ ಸರಿದವು, ಕಾಲು ತಾನೇ ಭಾರವಾಯಿತು. ಆ ವರ್ಷವೇ ಅಪಘಾತಗಳ ಸಾಲು ಶುರುವಾಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಸರ್ವೀಸ್ ರೋಡಿಗೆ ಕಳಿಸಿದರು. ಮುಂದಿನ ವರ್ಷದ ಹೊತ್ತಿಗೆ ತಲೆ ಮೇಲಿನ ಕಮಾನುಗಳಲ್ಲಿ ಕ್ಯಾಮೆರಾ ಕಣ್ಣು ಬಿಟ್ಟವು. ಅಂದಿನಿಂದ ಟೀ ಅಂಗಡಿಯಲ್ಲಿ ನಾಲ್ಕು ಜನ ಡ್ರೈವರುಗಳು ಸೇರಿದರೆ ಮಾತು ಒಂದೇ: 'ನಿನಗೆಷ್ಟು ಬಿತ್ತು?' ನನಗೂ ಬಿದ್ದಿದೆ. ಕಟ್ಟಿದ್ದೇನೆ, ಬೈದಿದ್ದೇನೆ, ಕೆಲವನ್ನು ಪ್ರಶ್ನಿಸಿದ್ದೇನೆ. ಅದರಿಂದ ಕಲಿತದ್ದು ಇಷ್ಟು.

1. ರಸ್ತೆಯ ಹೆಸರು ನೋಡಿ ಮೋಸಹೋಗಬೇಡಿ

ಎಲ್ಲರೂ ಇದನ್ನು ಎಕ್ಸ್‌ಪ್ರೆಸ್‌ವೇ ಎನ್ನುತ್ತೇವೆ. ದಾಖಲೆಯಲ್ಲಿ ಇದು ರಾಷ್ಟ್ರೀಯ ಹೆದ್ದಾರಿ 275. ಹೆಸರಿನ ಈ ವ್ಯತ್ಯಾಸಕ್ಕೆ ದುಡ್ಡಿನ ಬೆಲೆಯಿದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100, ಊರೊಳಗೆ 70 ಕಿ.ಮೀ. ಎಂದು ಗರಿಷ್ಠ ಮಿತಿ ಹಾಕಿತು. ಡ್ರೈವರ್ ಬಿಟ್ಟು ಎಂಟಕ್ಕಿಂತ ಹೆಚ್ಚು ಸೀಟಿನ ಗಾಡಿಗೆ ಇದೇ ಅಂಕಿಗಳು 100, 90, 60. ಅಂದರೆ ನಿನ್ನೆ ಇನ್ನೋವಾ ಓಡಿಸಿದವನು ಇಂದು ಟೆಂಪೊ ಟ್ರಾವೆಲರ್ ಹತ್ತಿದರೆ, ರಸ್ತೆ ಅದೇ, ಮಿತಿ ಬೇರೆ.

ಇಷ್ಟಕ್ಕೇ ಮುಗಿಯಲಿಲ್ಲ. ಆ ಅಧಿಸೂಚನೆಯನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ರದ್ದು ಮಾಡಿತು, ವೇಗ ಹೆಚ್ಚಿದರೆ ಸಾವೂ ಹೆಚ್ಚುತ್ತದೆ ಎಂಬ ವಾದವನ್ನು ಒಪ್ಪಿ. ಕಾನೂನು ಬಲ್ಲವರೇ ಒಮ್ಮತಕ್ಕೆ ಬಾರದ ಅಂಕಿಯನ್ನು ಡ್ರೈವರ್ ಬಾಯಿಪಾಠ ಮಾಡಿ ಏನು ಪ್ರಯೋಜನ? ನಾನು ಕಂಡುಕೊಂಡ ದಾರಿ ಸರಳ: ಆ ಜಾಗದ ಬೋರ್ಡು ಹೇಳಿದ್ದೇ ಕಾನೂನು. ಮೈಸೂರು ರಸ್ತೆಯ ಮುಖ್ಯ ಪಥದಲ್ಲಿ ಕಾರಿಗೆ 100 ಎಂದಿದೆ, ಮುಗಿಯಿತು.

2. ಕೇಸು ಬಿದ್ದ ಜಾಗಕ್ಕೆ ವಾಪಸ್ ಹೋಗಿ ಬೋರ್ಡು ಹುಡುಕಿ

ನನ್ನ ಮೊದಲ ಫೈನು ಹೆದ್ದಾರಿಯಲ್ಲಿ ಬಿದ್ದದ್ದಲ್ಲ. ಬೆಳಗಿನ ಜಾವ ನಾಲ್ಕೂವರೆ, ಏರ್‌ಪೋರ್ಟ್ ಡ್ರಾಪ್, ನಗರದ ಖಾಲಿ ರಸ್ತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮೊಬೈಲಿಗೆ ಮೆಸೇಜು ಬಂತು: ಮಿತಿ 60, ನಿಮ್ಮ ವೇಗ 76, ದಂಡ ಸಾವಿರ ರೂಪಾಯಿ. ತುತ್ತು ಗಂಟಲಲ್ಲೇ ನಿಂತಿತು. ಅರವತ್ತು ಅಂತ ಯಾರು ಹೇಳಿದರು? ವಾರಕ್ಕೆ ಮೂರು ಸಲ ಅದೇ ದಾರಿಯಲ್ಲಿ ಹೋಗುವವನು ನಾನು, ಒಂದು ದಿನವೂ ಬೋರ್ಡು ಕಂಡಿಲ್ಲ.

ಅಂದು ಸಂಜೆ ಬೇಕೆಂದೇ ಹೋಗಿ ನೋಡಿದೆ. ಬೋರ್ಡು ಇತ್ತು. ಹೊಂಗೆ ಮರದ ಕೊಂಬೆ ಅದರ ಮುಕ್ಕಾಲು ಮುಖ ಮುಚ್ಚಿತ್ತು. ಕೆಳಗಿನ ಕಂಬಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಕಾರಿನ ಸೀಟಿನಿಂದ ನೋಡಿದರೆ ಕೆಂಪು ವೃತ್ತದ ಒಂದು ಚೂರು, ಒಳಗೆ ಸೊನ್ನೆಯ ಅರ್ಧ, ಅಷ್ಟೇ. ಫೋಟೊ ತೆಗೆದೆ, ದೂರಿನ ಜೊತೆ ಕಳಿಸಿದೆ. ಸಾವಿರ ರೂಪಾಯಿ ವಾಪಸ್ ಬರಲಿಲ್ಲ. ತಿಂಗಳ ಮೇಲೆ ಕೊಂಬೆ ಮಾತ್ರ ಕಡಿದಿದ್ದರು. ನನ್ನ ಹಿಂದೆ ಬರುವ ನೂರಾರು ಜನರ ಸಾವಿರ ಉಳಿಯಿತಲ್ಲ, ಅಷ್ಟು ಸಾಕು ಎಂದುಕೊಂಡೆ.

3. ಮಿತಿ ಬದಲಾಗುವ ಜಾಗಗಳನ್ನು ಕಾಲಿಗೆ ಕಲಿಸಿ

ಮಿತಿ ಎಲ್ಲೆಂದರಲ್ಲಿ ಬದಲಾಗುವುದಿಲ್ಲ. ಬೈಪಾಸು ಮುಗಿದು ಊರು ಶುರುವಾಗುವಲ್ಲಿ, ಫ್ಲೈಓವರಿನ ಇಳಿಜಾರಿನ ತುದಿಯಲ್ಲಿ, ಸರ್ವೀಸ್ ರೋಡು ಬಂದು ಸೇರುವಲ್ಲಿ, ಟೋಲಿನ ಮುಂಚೆ, ಘಾಟಿಯ ಮೊದಲ ತಿರುವಿನಲ್ಲಿ, ರಸ್ತೆ ಕೆಲಸ ನಡೆಯುವಲ್ಲಿ. ಹೆದ್ದಾರಿಯಲ್ಲಿ ಒಂದು ಗಂಟೆ ನೂರರಲ್ಲಿ ಬಂದವನಿಗೆ ಅರವತ್ತು ಎಂದರೆ ನಡೆದಂತೆ ಅನಿಸುತ್ತದೆ. ಕಣ್ಣು ಮೋಸ ಮಾಡುತ್ತದೆ, ಮೀಟರು ನೋಡಬೇಕು. ಹೆಚ್ಚಿನ ಫೈನುಗಳು ಬೀಳುವುದು ಹೆದ್ದಾರಿಯ ನಡುಮಧ್ಯದಲ್ಲಲ್ಲ, ಅದು ಮುಗಿದ ಮೇಲಿನ ಮೊದಲ ಎರಡು ಕಿಲೋಮೀಟರಿನಲ್ಲಿ ಎನ್ನುವುದು ನಮ್ಮ ಸ್ಟ್ಯಾಂಡಿನವರ ಲೆಕ್ಕ.

4. ಕ್ಯಾಮೆರಾ ಕಂಡು ಬ್ರೇಕು ಒತ್ತಬೇಡಿ

ಇದು ಎಲ್ಲಕ್ಕಿಂತ ಕೆಟ್ಟ ಚಾಳಿ. ಬಲಗಡೆಯ ಪಥದಲ್ಲಿ ನೂರಿಪ್ಪತ್ತರಲ್ಲಿ ಬರುವವನು ಕಮಾನು ಕಂಡೊಡನೆ ಬ್ರೇಕಿನ ಮೇಲೆ ಎದ್ದು ನಿಲ್ಲುತ್ತಾನೆ. ಹಿಂದಿನವನಿಗೆ ಕೆಂಪು ದೀಪ ಯಾಕೆ ಹತ್ತಿತೆಂದು ತಿಳಿಯುವುದಿಲ್ಲ. ಒಮ್ಮೆ ಶ್ರೀರಂಗಪಟ್ಟಣದ ಕಡೆ ಹೋಗುವಾಗ ನನ್ನ ಮುಂದಿನ ಬಿಳಿ ಕಾರು ಹೀಗೇ ಮಾಡಿತು. ಎಡಕ್ಕೆ ಎಳೆದುಕೊಂಡು ಬಚಾವಾದೆ. ಹಿಂದಿನ ಸೀಟಿನಲ್ಲಿದ್ದ ಅಜ್ಜಿಯ ಕೈಯಿಂದ ಮಲ್ಲಿಗೆ ಹೂವಿನ ಪೊಟ್ಟಣ ಹಾರಿ ಡ್ಯಾಶ್‌ಬೋರ್ಡಿಗೆ ಬಂದು ಬಿತ್ತು. ಕಮಾನು ದಾಟಿದ ಮೇಲೆ ಆ ಕಾರು ಮತ್ತೆ ಹಾರಿತು.

ಈ ಆಟ ಈಗ ನಡೆಯುವುದೂ ಕಷ್ಟ. ಎರಡು ಕ್ಯಾಮೆರಾಗಳ ನಡುವಿನ ದೂರವನ್ನು, ಅದಕ್ಕೆ ಹಿಡಿದ ಸಮಯದಿಂದ ಭಾಗಿಸಿ ಸರಾಸರಿ ವೇಗ ಹಿಡಿಯುವ ವ್ಯವಸ್ಥೆ ಬಂದಿದೆ. ಇಪ್ಪತ್ತು ಕಿಲೋಮೀಟರನ್ನು ಹತ್ತು ನಿಮಿಷದಲ್ಲಿ ಮುಗಿಸಿದವನು ಕಮಾನಿನ ಕೆಳಗೆ ಎಷ್ಟು ಸಾಧುವಾಗಿ ಹೋದರೂ ಅವನ ಸರಾಸರಿ 120. ಮೊಬೈಲಿನ ಮ್ಯಾಪು 'ಮುಂದೆ ಕ್ಯಾಮೆರಾ' ಎಂದು ಕೂಗಿದರೂ ಈ ಲೆಕ್ಕದಿಂದ ಪಾರಿಲ್ಲ.

5. ನಿಮ್ಮ ಮೀಟರಿನ ಸುಳ್ಳು ಎಷ್ಟೆಂದು ಅಳೆದಿಟ್ಟುಕೊಳ್ಳಿ

ಗಾಡಿಯ ಮೀಟರು ನಿಜ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸಕೂಡದು. ಗಾಡಿ ತಯಾರಿಸುವವರು ಪಾಲಿಸುವ ನಿಯಮವಿದು. ನನ್ನ ಕಾರಿನ ಮುಳ್ಳು 80ರಲ್ಲಿದ್ದಾಗ ಮೊಬೈಲಿನ ಜಿಪಿಎಸ್ 76 ಎನ್ನುತ್ತದೆ. ಈ ನಾಲ್ಕನ್ನು ನಂಬಿ ನಾಲ್ಕು ಹೆಚ್ಚು ಓಡಿಸಬೇಡಿ. ದೊಡ್ಡ ಟೈರು ಹಾಕಿಸಿದವರ ಲೆಕ್ಕ ಉಲ್ಟಾ ಆಗುತ್ತದೆ.

6. ಫೈನು ನಿಮ್ಮದಲ್ಲ ಅನಿಸಿದರೆ ಸುಮ್ಮನಿರಬೇಡಿ

ನನ್ನ ಗೆಳೆಯನೊಬ್ಬನ ಕಾರಿಗೆ ಹೆಲ್ಮೆಟ್ ಹಾಕಿಲ್ಲವೆಂದು ಕೇಸು ಬಂತು. ಅವನು ನಗುತ್ತಾ ಎಲ್ಲರಿಗೂ ತೋರಿಸಿದ, ಆಮೇಲೆ ಮರೆತ. ಗಾಡಿ ಮಾರಲು ಹೋದ ದಿನ ನಗು ನಿಂತಿತು. ಬಾಕಿ ತೀರುವ ತನಕ ಕೊಳ್ಳುವವನು ಕೈ ಹಾಕಲಿಲ್ಲ. ಫೋಟೊ ತೆರೆದು ನೋಡಿದರೆ ಸ್ಕೂಟರಿನ ನಂಬರಿನ ಕೊನೆಯ 8ನ್ನು ಯಂತ್ರ 3 ಎಂದು ಓದಿತ್ತು. ಪ್ಲೇಟಿಗೆ ಮೆತ್ತಿದ್ದ ಕೆಸರು ಸಾಕಾಗಿತ್ತು ಅಷ್ಟಕ್ಕೆ. ಕಚೇರಿಗೆ ಎರಡು ಸಲ ಅಲೆದು, ಫೋಟೊದ ಪ್ರಿಂಟು ಕೊಟ್ಟ ಮೇಲೆ ತೆಗೆದರು.

ನಮ್ಮ ಪರವಾಗಿಯೂ ನಿಯಮಗಳಿವೆ. ಮೋಟಾರು ವಾಹನ ನಿಯಮಾವಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ಕ್ಯಾಮೆರಾ ಹಿಡಿದ ತಪ್ಪಿಗೆ ಹದಿನೈದು ದಿನದೊಳಗೆ ನೋಟಿಸು ಕಳಿಸಬೇಕು. ತಪ್ಪನ್ನೂ ನಂಬರನ್ನೂ ತೋರಿಸುವ ಫೋಟೊ, ದಿನ, ಸಮಯ, ಜಾಗ ಇರಬೇಕು. ಯಂತ್ರಕ್ಕೆ ಪ್ರಮಾಣಪತ್ರವಿರಬೇಕು, ಅದನ್ನು ವರ್ಷವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗದ ಮುಂಚೆ ಎಚ್ಚರಿಕೆಯ ಬೋರ್ಡು ಇರಬೇಕು. ಹಾಗಾಗಿ ಮೆಸೇಜು ಬಂದ ದಿನವೇ ಫೋಟೊ ತೆರೆದು ನೋಡಿ. ನಿಮ್ಮ ಮೊಬೈಲ್ ನಂಬರು ಆರ್‌ಸಿಗೆ ಜೋಡಣೆಯಾಗಿದೆಯೇ ಎಂದೂ ನೋಡಿ. ಹಳೇ ಸಿಮ್ಮಿಗೆ ಹೋದ ಹತ್ತು ಮೆಸೇಜುಗಳ ಬಾಕಿ ಒಟ್ಟಿಗೆ ತಲೆ ಮೇಲೆ ಬಿದ್ದು ಕಂಗಾಲಾದವರನ್ನು ನಾನು ಕಂಡಿದ್ದೇನೆ.

7. ಗವರ್ನರಿನ ವೈರು ಮುಟ್ಟಬೇಡಿ

ಬಿಳಿ ಬೋರ್ಡಿನವರಿಗೆ ಈ ಸಂಕಟ ಗೊತ್ತಿಲ್ಲ. ನಮ್ಮ ಗಾಡಿಗೆ 80ಕ್ಕೆ ಸ್ಪೀಡ್ ಗವರ್ನರ್ ಕಟ್ಟಿದೆ. ರಸ್ತೆ 100 ಎನ್ನುತ್ತದೆ, ಗಾಡಿ 80ಕ್ಕೆ ಉಸಿರು ಹಿಡಿಯುತ್ತದೆ. ಲಾರಿಯನ್ನು ಹಿಂದೆ ಹಾಕುವಾಗ ನಡುವಿನಲ್ಲೇ ಎಳೆತ ನಿಂತರೆ ಬೆನ್ನು ಬೆವರುತ್ತದೆ. ಒಂದು ವರ್ಷ ನಾನೂ ವೈರು ತೆಗೆಸಿದ್ದೆ. ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಬಂದಾಗ ಹಾಕಿಸಿ ಮತ್ತೆ ತೆಗೆಸುವುದು, ನಮ್ಮಲ್ಲಿ ಗುಟ್ಟೇನಲ್ಲ. ಆ ವರ್ಷವೇ ಡೀಸೆಲ್ ಖರ್ಚು ಏರಿತು, ಟೈರು ಬೇಗ ಸವೆಯಿತು, ಮೈಲೇಜು ಕುಸಿಯಿತು. ಮರು ವರ್ಷ ಹಾಕಿಸಿ ಸುಮ್ಮನಾದೆ. ಲಾರಿ ಹಿಂದೆ ಹಾಕಲು ಈಗ ಒಂದು ನಿಮಿಷ ಕಾಯುತ್ತೇನೆ. ಆದರೆ ಗವರ್ನರ್ ಇದೆಯೆಂದು ಫೈನು ಬೀಳುವುದಿಲ್ಲ ಎಂದುಕೊಳ್ಳಬೇಡಿ. ನನ್ನ 76 ನೆನಪಿದೆಯಲ್ಲ?

8. ಪಾರ್ಟಿಗೆ ಲೆಕ್ಕ ಹೇಳಿ, ಭಾಷಣ ಬೇಡ

'ಡ್ರೈವರ್ರೇ, ಸ್ವಲ್ಪ ಒತ್ತಿ, ಮುಹೂರ್ತ ಮೀರುತ್ತೆ.' ಪಾರ್ಟಿಯ, ಅಂದರೆ ಗಾಡಿ ಬಾಡಿಗೆಗೆ ಹಿಡಿದವರ, ಈ ಮಾತು ಕೇಳದ ತಿಂಗಳಿಲ್ಲ. ಮೊದಲೆಲ್ಲ ಕಾನೂನು ಹೇಳುತ್ತಿದ್ದೆ, ಮುಖ ಸಿಂಡರಿಸುತ್ತಿದ್ದರು. ಈಗ ಲೆಕ್ಕ ಹೇಳುತ್ತೇನೆ. ಗವರ್ನರೇ ಇಲ್ಲ, ದೂರ ನೂರು ಕಿಲೋಮೀಟರು ಎಂದಿಟ್ಟುಕೊಳ್ಳಿ ಸಾರ್. ನೂರರಲ್ಲಿ ಹೋದರೆ ಒಂದು ಗಂಟೆ. ನೂರಿಪ್ಪತ್ತರಲ್ಲಿ ಐವತ್ತು ನಿಮಿಷ. ಉಳಿದದ್ದು ಹತ್ತು. ಅದು ಕೆಂಗೇರಿಯ ಟ್ರಾಫಿಕ್ಕಿನಲ್ಲಿ ಕರಗುತ್ತೆ, ಇಲ್ಲದಿದ್ದರೆ ಮದ್ದೂರು ವಡೆಗೆ ಹೋಗುತ್ತೆ. ನಕ್ಕುಬಿಡುತ್ತಾರೆ. ಮನೆ ಹದಿನೈದು ನಿಮಿಷ ಮೊದಲು ಬಿಟ್ಟಿದ್ದರೆ ಈ ಮಾತೇ ಬರುತ್ತಿರಲಿಲ್ಲ ಎಂದು ಮಾತ್ರ ಹೇಳುವುದಿಲ್ಲ, ಟಿಪ್ಸ್ ಹೋಗುತ್ತದೆ.

ಮಾತು ಕೇಳದವರಿಗೆ ಇನ್ನೊಂದು ಅಂಕಿ ಇದೆ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿಯಾಗಿದ್ದ ಅಲೋಕ್ ಕುಮಾರ್ ಪ್ರಕಟಿಸಿದರು. ಪಾರ್ಟಿ ಮುಹೂರ್ತಕ್ಕೆ ಹೋಗುತ್ತದೆ, ಠಾಣೆಗೆ ಹೋಗುವವನು ಡ್ರೈವರು.

9. ಅರ್ಧ ರಿಯಾಯಿತಿಗೆ ಕಾಯಬೇಡಿ

2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಬಂದಾಗ ಬೆಂಗಳೂರಿನವರು ಸೀರೆ ಅಂಗಡಿಯ ಆಷಾಢ ಸೇಲಿಗೆ ಬಂದಂತೆ ಬಂದರು. ಕೆಲವೇ ದಿನದಲ್ಲಿ ನೂರು ಕೋಟಿ ದಾಟಿತು. ಫೈನು ಬಿದ್ದ ದಿನವೇ ಕಟ್ಟಿದ್ದವನು ಪೆದ್ದನಾದ, ವರ್ಷಗಟ್ಟಲೆ ಬಾಕಿ ಇಟ್ಟವನು ಜಾಣನಾದ. ಆಮೇಲೂ ಮತ್ತೆ ಮತ್ತೆ ರಿಯಾಯಿತಿ ಬಂತು. ಸರ್ಕಾರಕ್ಕೆ ನನ್ನದೊಂದೇ ದೂರು ಇಲ್ಲಿ: ದಂಡವನ್ನು ಸೇಲಿಗೆ ಇಟ್ಟರೆ ಕ್ಯಾಮೆರಾ ಇರುವುದು ಜೀವ ಉಳಿಸಲಿಕ್ಕೆ ಎಂದರೆ ಯಾರು ನಂಬುತ್ತಾರೆ? ಡ್ರೈವರುಗಳಿಗೆ ಹೇಳುವುದಿಷ್ಟು. ಬಾಕಿ ಎಂದರೆ ಸಾಲ. ಹತ್ತು ಸಾವಿರ ಆದ ಮೇಲೆ ಅರ್ಧ ಎಂದರೂ ಐದು ಸಾವಿರ, ಒಂದು ತಿಂಗಳ ರೇಷನ್ನು.

10. ಕಾಲು ಎತ್ತಬೇಕಾದ ಜಾಗ ನಿಮ್ಮದೇ ಇರಲಿ

ಮದ್ದೂರು ದಾಟಿದ ಮೇಲೆ ಒಂದು ಕಡೆ ರಸ್ತೆ ಬದಿಯ ತಂತಿಬೇಲಿ ಹರಿದಿತ್ತು. ಗದ್ದೆ ಆ ಕಡೆ, ಮನೆ ಈ ಕಡೆ. ಮೇಲ್ಸೇತುವೆಗೆ ಒಂದು ಕಿಲೋಮೀಟರು ಸುತ್ತಬೇಕು, ಯಾರು ಸುತ್ತುತ್ತಾರೆ? ಒಂದು ಸಂಜೆ, ಬೆಳಕು ಕುಂದುವ ಹೊತ್ತು, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕನೊಬ್ಬ ಡಿವೈಡರಿನ ಗಿಡಗಳ ನಡುವಿಂದ ಇಳಿದುಬಿಟ್ಟ. ನಾನು 80ರಲ್ಲಿದ್ದೆ, ಅಂದರೆ ಸೆಕೆಂಡಿಗೆ 22 ಮೀಟರು. ಪೂರಾ ಬ್ರೇಕು ಒತ್ತಿದೆ. ಗಾಡಿ ನಿಂತಾಗ ಬಾನೆಟ್ಟಿಗೂ ಅವನಿಗೂ ನಡುವೆ ಒಂದು ಮಾರು. ಹೊರೆಯಿಂದ ನಾಲ್ಕು ಎಳೆ ಹುಲ್ಲು ಬಾನೆಟ್ಟಿನ ಮೇಲೆ ಬಿದ್ದಿತ್ತು. 100ರಲ್ಲಿದ್ದಿದ್ದರೆ ಸೆಕೆಂಡಿಗೆ 28 ಮೀಟರು, ಬ್ರೇಕು ಹೀರಬೇಕಾದ ಶಕ್ತಿ ಒಂದೂವರೆ ಪಟ್ಟು. ಆ ಒಂದು ಮಾರು ಇರುತ್ತಲೇ ಇರಲಿಲ್ಲ.

'ನೋಡ್ಕೊಂಡ್ ಬರಕಾಗಕಿಲ್ವಾ?' ಎಂದು ಅವನೇ ನನ್ನನ್ನು ಬೈದು, ಹೊರೆ ಸರಿಮಾಡಿಕೊಂಡು ಹೋದ. ನನ್ನ ಕೈ ಸ್ಟೇರಿಂಗಿನ ಮೇಲೆ ಬಹಳ ಹೊತ್ತು ನಡುಗುತ್ತಿತ್ತು. ವೈರು ಮತ್ತೆ ಹಾಕಿಸಿದ್ದು ನೆನಪಾಯಿತು.

ಆ ಜಾಗದಲ್ಲಿ ಕ್ಯಾಮೆರಾ ಇರಲಿಲ್ಲ, ಬೋರ್ಡೂ ಇರಲಿಲ್ಲ. ಈಗ ಬೇಲಿ ಹೊಲಿದಿದ್ದಾರೆ. ಆದರೂ ಅಲ್ಲಿಗೆ ಬಂದಾಗ ಕಾಲು ತಾನೇ ಆಕ್ಸಿಲರೇಟರಿನಿಂದ ಏಳುತ್ತದೆ. ಹಿಂದಿನಿಂದ ಪಾರ್ಟಿ ಕೇಳುತ್ತಾರೆ, 'ಯಾಕೆ ಡ್ರೈವರ್ರೇ, ಇಲ್ಲಿ ಕ್ಯಾಮೆರಾ ಇದೆಯಾ?' ಹೌದು ಸಾರ್ ಎಂದುಬಿಡುತ್ತೇನೆ.